ಮಣ್ಣಿನಾಸರೆಯ ಮನೆ: ದೂರದಿಂದ ಕೊಳ್ಳುವವರು ಪರಿಶೀಲಿಸಬೇಕಾದ ಅಂಶಗಳು

ವ್ಯಾಪಾರ ಒಂದು ಊರಿನಲ್ಲಿ, ವಿಶ್ರಾಂತ ಜೀವನಕ್ಕೆಂದು ಕೊಳ್ಳುವ ಮನೆ ಇನ್ನೊಂದು ಊರಿನಲ್ಲಿ ಎಂಬ ಯೋಜನೆ ವರ್ತಕ ಕುಟುಂಬಗಳಲ್ಲಿ ಸಾಮಾನ್ಯವಾಗಿದೆ. ಬಯಲುಸೀಮೆಯ ಮಾರುಕಟ್ಟೆಯಲ್ಲಿ ದುಡಿದವರು ಮಲೆನಾಡಿನ ಅಂಚಿನಲ್ಲೋ ಬೆಂಗಳೂರಿನ ಹೊರವಲಯದಲ್ಲೋ ಮನೆಯನ್ನು ಅರಸುತ್ತಾರೆ. ಹೀಗೆ ಅರಸುವವರ ಮುಂದೆ ಈಗ ಇಟ್ಟಿಗೆ, ಕಾಂಕ್ರೀಟಿನ ಮನೆಗಳ ಜೊತೆಗೆ ಮಣ್ಣಿನ ಬ್ಲಾಕಿನ ಮನೆ, ದಿಮ್ಮಿಸಿದ ಮಣ್ಣಿನ ಗೋಡೆಯ ಮನೆ, ಗುಡ್ಡದ ಇಳಿಜಾರಿಗೆ ಒತ್ತಿಕೊಂಡು ಕಟ್ಟಿದ ಮನೆ, ಚಾವಣಿಯ ಮೇಲೆ ಹುಲ್ಲು ಬೆಳೆಸಿದ ಮನೆ ಮುಂತಾದವುಗಳೂ ಮಾರಾಟಕ್ಕೆ ಬರುತ್ತಿವೆ. ಛಾಯಾಚಿತ್ರಗಳಲ್ಲಿ ಇವು ಮನಸೆಳೆಯುತ್ತವೆ. ಬೇಸಿಗೆಯಲ್ಲಿ ತಂಪು, ವಿದ್ಯುತ್ ವೆಚ್ಚ ಕಡಿಮೆ ಎಂಬ ಮಾತಿನಲ್ಲಿ ಸತ್ಯಾಂಶವೂ ಇದೆ.

ಆದರೆ ಇಂತಹ ಮನೆಯ ಗುಣದೋಷಗಳು ಕಣ್ಣಿಗೆ ಕಾಣುವ ಭಾಗದಲ್ಲಿರುವುದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಕಾಳಿನ ಮಾದರಿ ನೋಡದೆ ಒಂದು ಲಾರಿ ಧಾನ್ಯವನ್ನೂ ಖರೀದಿಸದ ವರ್ತಕರು, ಜೀವಮಾನದ ಉಳಿತಾಯವನ್ನು ಹೂಡುವಾಗ ಕೇವಲ ಚಿತ್ರಗಳನ್ನು ನಂಬುವುದು ಯುಕ್ತವಲ್ಲ. ಸರಕು ಖರೀದಿಯಲ್ಲಿ ಅನುಸರಿಸುವ ಮಾದರಿ, ತಪಾಸಣೆ, ಬಾಕಿ ಹಣ ಎಂಬ ಮೂರು ಕ್ರಮಗಳನ್ನು ಈ ಖರೀದಿಗೂ ಅನ್ವಯಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೂರು ಬಗೆಯ ಮನೆಗಳು

'ಮಣ್ಣಿನ ಮನೆ' ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ರಚನೆಗಳು ಮಾರಾಟವಾಗುತ್ತವೆ. ಮೊದಲನೆಯದರಲ್ಲಿ ಗೋಡೆ ಮಾತ್ರ ಮಣ್ಣಿನದು. ಚಾವಣಿ ಹೆಂಚಿನದು ಅಥವಾ ಆರ್.ಸಿ.ಸಿ.ಯದು. ಎರಡನೆಯದರಲ್ಲಿ ಮನೆಯ ಒಂದು ಅಥವಾ ಹೆಚ್ಚು ಗೋಡೆಗಳ ಹೊರಬದಿಗೆ ಮಣ್ಣಿನ ಏರಿ ಒರಗಿರುತ್ತದೆ. ಮೂರನೆಯದರಲ್ಲಿ ಚಾವಣಿಯ ಮೇಲೂ ಮಣ್ಣು ಹರಡಿರುತ್ತದೆ. ಮೊದಲ ಬಗೆಯಿಂದ ಮೂರನೆಯದಕ್ಕೆ ಸಾಗಿದಂತೆ ತಂಪು ಹೆಚ್ಚುತ್ತದೆ. ನೀರಿನ ಅಪಾಯವೂ ದುರಸ್ತಿಯ ವೆಚ್ಚವೂ ಅದರೊಂದಿಗೆ ಹೆಚ್ಚುತ್ತವೆ. ಆದ್ದರಿಂದ ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಮನೆ ಈ ಮೂರರಲ್ಲಿ ಯಾವುದು ಎಂಬುದು.

ಈ ಪದ್ಧತಿ ಹೊಸದೇನೂ ಅಲ್ಲ. ಉತ್ತರ ಚೀನಾದ ಹಳದಿ ಮಣ್ಣಿನ ಪ್ರಸ್ಥಭೂಮಿಯಲ್ಲಿ ಗುಡ್ಡ ಕೊರೆದು ಮಾಡಿದ ವಸತಿಗಳು ಶತಮಾನಗಳಿಂದ ಬಳಕೆಯಲ್ಲಿವೆ. ಆಸ್ಟ್ರೇಲಿಯಾದ ಓಪಲ್ ಗಣಿಗಳ ಊರಾದ ಕೂಬರ್ ಪೀಡಿಯಲ್ಲಿ ಬಿಸಿಲಿನ ಬೇಗೆಯಿಂದ ಪಾರಾಗಲು ಜನರು ನೆಲದಡಿಯಲ್ಲಿ ವಾಸಿಸುತ್ತಾರೆ. ಅಮೆರಿಕದಲ್ಲಿ 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯಕ್ಕಾಗಿ ಮಣ್ಣಿನಾಸರೆಯ ಮನೆಗಳಿಗೆ ಬೇಡಿಕೆ ಬಂದಿತು. ನಮ್ಮ ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಇದೇ ಕೆಲಸವನ್ನು ಮಾಡುತ್ತ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಬ್ಲಾಕುಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿ ಅವುಗಳನ್ನು ನಗರದ ಮನೆಗಳಿಗೂ ತಲುಪಿಸಿತು. ಇಂತಹ ಬ್ಲಾಕುಗಳಿಗೆ ಭಾರತೀಯ ಮಾನಕ 1725 ಇದೆ. 1982ರ ಈ ಮಾನಕವನ್ನು 2013ರಲ್ಲಿ ಪರಿಷ್ಕರಿಸಲಾಯಿತು. ಎಂದರೆ, ಸರಿಯಾಗಿ ಕಟ್ಟಿದ ಮಣ್ಣಿನ ಮನೆಯನ್ನು ಅಳೆದು ನೋಡಲು ಮಾನದಂಡಗಳು ಲಭ್ಯವಿವೆ. ಮಾರಾಟಕ್ಕಿರುವ ಮನೆಯು ಆ ಮಾನದಂಡಗಳಿಗೆ ಅನುಗುಣವಾಗಿದೆಯೇ ಎಂಬುದನ್ನು ತಿಳಿಯುವುದೇ ಖರೀದಿದಾರರ ಕೆಲಸ.

ತಂಪಿನ ಲೆಕ್ಕ ಮತ್ತು ನೀರಿನ ಲೆಕ್ಕ

ನೆಲದೊಳಗೆ ಕೆಲವು ಮೀಟರ್ ಆಳಕ್ಕೆ ಹೋದರೆ ಮಣ್ಣಿನ ಉಷ್ಣತೆಯು ವರ್ಷವಿಡೀ ಆ ಊರಿನ ವಾರ್ಷಿಕ ಸರಾಸರಿ ಉಷ್ಣತೆಗೆ ಸಮೀಪವಾಗಿರುತ್ತದೆ. ಕಲಬುರಗಿಯಂತಹ ಊರಿನಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಣ್ಣಿಗೊರಗಿದ ಕೋಣೆ ಅದಕ್ಕಿಂತ ಬಹಳ ತಂಪಾಗಿರುವುದು ಈ ಕಾರಣದಿಂದ. ಒಣ ಹವೆಯ ಪ್ರದೇಶದಲ್ಲಿ ಈ ಲಾಭ ನಿಜವಾದದ್ದು.

ಮಲೆನಾಡಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ತಂಪಿಗೆ ಕೊರತೆಯಿಲ್ಲ; ತೇವವೇ ಸಮಸ್ಯೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಆಗುಂಬೆಯಲ್ಲಿ 7,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಮಳೆಗಾಲದ ತೇವಭರಿತ ಗಾಳಿ ತಣ್ಣನೆಯ ಗೋಡೆಗೆ ತಗುಲಿದಾಗ, ಎಲ್ಲಿಯೂ ಸೋರದಿದ್ದರೂ ಗೋಡೆಯ ಮೇಲೆ ನೀರು ಬೆವರಿನಂತೆ ಕಟ್ಟುತ್ತದೆ. ಬಟ್ಟೆ, ಪುಸ್ತಕ, ಮರದ ಸಾಮಾನುಗಳಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡಲು ಎದುರುಬದುರು ಕಿಟಕಿಗಳಿಲ್ಲದ, ಮೂರು ಬದಿ ಮಣ್ಣಿನಿಂದ ಮುಚ್ಚಿದ ಮನೆ ಇಂತಹ ಊರಿನಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ವಾಸಕ್ಕೆ ಕಷ್ಟವಾಗಬಹುದು. ಆದುದರಿಂದ ಬೇರೆಡೆ ಯಶಸ್ವಿಯಾದ ವಿನ್ಯಾಸವನ್ನು ತೋರಿಸಿ ಇಲ್ಲಿಯ ಮನೆಗೆ ಬೆಲೆ ಕೇಳಿದರೆ ಎರಡೂ ಊರುಗಳ ಮಳೆಯ ಪ್ರಮಾಣವನ್ನು ಹೋಲಿಸಿ ನೋಡತಕ್ಕದ್ದು.

ಮಣ್ಣಿನ ಗೋಡೆಯ ಬಲವೂ ನೀರನ್ನೇ ಅವಲಂಬಿಸಿದೆ. ಒಣಗಿದ ಬ್ಲಾಕಿಗಿಂತ ನೀರಿನಲ್ಲಿ ನೆನೆದ ಬ್ಲಾಕಿನ ಬಲ ಗಣನೀಯವಾಗಿ ಕಡಿಮೆ. ಆ ಕಾರಣ ಬ್ಲಾಕುಗಳನ್ನು ನೆನೆಸಿದ ಸ್ಥಿತಿಯಲ್ಲಿ ಪರೀಕ್ಷಿಸುವುದು ಕ್ರಮ. ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣಿಗೆ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿದರೆ ಉತ್ತಮ ಬ್ಲಾಕ್ ದೊರೆಯುತ್ತದೆ. ಎರೆಮಣ್ಣು ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವುದರಿಂದ ಅದನ್ನು ಹಾಗೆಯೇ ಸಿಮೆಂಟಿನೊಂದಿಗೆ ಬಳಸುವುದು ಸೂಕ್ತವಲ್ಲ. ಸಿಮೆಂಟ್ ಬೆರೆಸದ ಹಳೆಯ ಮಣ್ಣಿನ ಗೋಡೆಗಳು ನಿಂತ ನೀರಿನಲ್ಲಿ ಎಷ್ಟು ಬೇಗ ಕುಸಿಯುತ್ತವೆ ಎಂಬುದನ್ನು 2009 ಮತ್ತು 2019ರ ನೆರೆಗಳು ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ತೋರಿಸಿಕೊಟ್ಟವು.

ಭಾರದ ಲೆಕ್ಕ

ಚಾವಣಿಯ ಮೇಲೆ ಮಣ್ಣಿರುವ ಮನೆಯಲ್ಲಿ ಖರೀದಿದಾರರು ತಾವೇ ಮಾಡಬಹುದಾದ ಒಂದು ಲೆಕ್ಕವಿದೆ. ಸಾವಿರ ಚದರ ಅಡಿಯ ಚಾವಣಿ ಎಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ ಒಂದು ಅಡಿ ದಪ್ಪ ಮಣ್ಣು ಹರಡಿದರೆ ಸುಮಾರು 28 ಘನ ಮೀಟರ್ ಆಗುತ್ತದೆ. ಮಳೆಯಲ್ಲಿ ಪೂರ್ತಿ ನೆನೆದ ಮಣ್ಣು ಘನ ಮೀಟರಿಗೆ ಸುಮಾರು 1,900 ಕಿಲೋಗ್ರಾಂ ತೂಗುತ್ತದೆ. ಒಟ್ಟು ಭಾರ 53 ಟನ್. ಅಂದರೆ ಹತ್ತು ಟನ್ ಸರಕು ಹೊತ್ತ ಐದು ಲಾರಿಗಳಷ್ಟಕ್ಕೂ ಹೆಚ್ಚು. ಚದರ ಮೀಟರಿಗೆ ಲೆಕ್ಕ ಹಾಕಿದರೆ ಇದು 570 ಕಿಲೋಗ್ರಾಮಿನಷ್ಟಾಗುತ್ತದೆ. ಜನರು ಓಡಾಡುವ ಸಾಮಾನ್ಯ ತಾರಸಿಗೆ ಎಂಜಿನಿಯರುಗಳು ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಮಾತ್ರ.

ಹೀಗಿರುವಾಗ, ಮೊದಲು ಸಾಮಾನ್ಯ ಮನೆಯಾಗಿ ಕಟ್ಟಿ ನಂತರ ಅಂದಕ್ಕಾಗಿ ಚಾವಣಿಗೆ ಮಣ್ಣು ಹಾಕಿಸಿದ ಕಟ್ಟಡ ಅಪಾಯಕಾರಿ. ಮಣ್ಣಿನ ಭಾರವನ್ನು ಮೊದಲೇ ಗಣಿಸಿ ರಚಿಸಿದ, ಎಂಜಿನಿಯರ್ ಸಹಿಯುಳ್ಳ ನಕ್ಷೆ ಮತ್ತು ಕಬ್ಬಿಣದ ವಿವರ ಇದೆಯೇ ಎಂದು ಕೇಳತಕ್ಕದ್ದು. ಗುಡ್ಡಕ್ಕೊರಗಿದ ಗೋಡೆಗೂ ಇದೇ ಮಾತು. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣಿನ ಒತ್ತಡವನ್ನು ಬಿಟ್ಟು ನೀರಿನದೇ ಒತ್ತಡ ಬುಡದಲ್ಲಿ ಚದರ ಮೀಟರಿಗೆ ಮೂರು ಟನ್ ಆಗುತ್ತದೆ. ಗೋಡೆಯ ಹಿಂದೆ ಜಲ್ಲಿಕಲ್ಲಿನ ಪದರ, ಬುಡದಲ್ಲಿ ತೂತಿನ ಕೊಳವೆ ಮತ್ತು ಆ ನೀರು ಹೊರಹೋಗುವ ಚರಂಡಿ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಗೋಡೆಗೆ ಅಪಾಯ ತಪ್ಪಿದ್ದಲ್ಲ.

ತಪಾಸಣೆಯ ಕ್ರಮ

ಮಾರಾಟಗಾರರು ಕಳುಹಿಸುವ ಚಿತ್ರಗಳು ಅವರು ತೋರಿಸಬಯಸುವುದನ್ನು ಮಾತ್ರ ತೋರಿಸುತ್ತವೆ. ದೂರದಲ್ಲಿರುವ ಖರೀದಿದಾರರು ತಮ್ಮ ಖರ್ಚಿನಲ್ಲಿ, ಮಾರಾಟಗಾರರಿಗೂ ಮಧ್ಯವರ್ತಿಗೂ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರನ್ನು ನೇಮಿಸಿ ಲಿಖಿತ ವರದಿ ಪಡೆಯಬೇಕು. ಅವರಿಗೆ ವಹಿಸಬೇಕಾದ ಕೆಲಸಗಳು ಇಂತಿವೆ:

1. ಮಣ್ಣು ಮುಚ್ಚುವ ಮುನ್ನ ತೆಗೆದ ನಿರ್ಮಾಣಕಾಲದ ಛಾಯಾಚಿತ್ರಗಳು, ಬ್ಲಾಕ್ ಪರೀಕ್ಷೆಯ ವರದಿ ಹಾಗೂ ನೀರುನಿರೋಧಕ ಪದರದ ಖರೀದಿ ರಸೀದಿಗಳನ್ನು ಪರಿಶೀಲಿಸುವುದು. ಹೂತುಹೋದ ಕೆಲಸಕ್ಕೆ ಇವೇ ಸಾಕ್ಷಿ.

2. ಗೋಡೆಯ ಬುಡದಲ್ಲಿ ಬಿಳಿ ಪುಡಿ, ಉಬ್ಬಿದ ಗಾರೆ, ಬೂಷ್ಟಿನ ಕಲೆ, ಗೆದ್ದಲಿನ ಜಾಡು ಇವೆಯೇ ಎಂದು ನೋಡುವುದು. ಮಾರಾಟಕ್ಕೆ ಸ್ವಲ್ಪ ಮೊದಲು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳುವುದು.

3. ಮಣ್ಣಿಗೊರಗಿದ ಗೋಡೆಯ ಹೊರಗೆ ಒಂದೆರಡು ಕಡೆ ಗುಂಡಿ ತೋಡಿಸಿ ಜಲ್ಲಿಯ ಪದರ ಮತ್ತು ಕೊಳವೆ ಇರುವುದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳುವುದು. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

4. ಚಾವಣಿಗೆ ಧಾರಾಳವಾಗಿ ನೀರು ಬಿಟ್ಟು, ಒಳಗೆ ಎರಡು ದಿನ ಗಮನಿಸುವುದು. ಬಿಟ್ಟ ನೀರು ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ಹೊರಹೋಯಿತು ಎಂಬುದನ್ನು ಬರೆದಿಡುವುದು.

5. ತಳಪಾಯ ಸುತ್ತಲಿನ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ಚಾವಣಿಯ ಅಂಚು ಎಷ್ಟು ಮುಂದಕ್ಕೆ ಚಾಚಿದೆ ಎಂದು ಅಳೆಯುವುದು.

ಇವುಗಳ ಜೊತೆಗೆ ಎರಡು ವರ್ಷಗಳ ವಿದ್ಯುತ್ ಬಿಲ್ಲುಗಳನ್ನು ಕೇಳಿ ಪಡೆಯುವುದು ಉಪಯುಕ್ತ. ಮಳೆಗಾಲದಲ್ಲಿ ಬಳಕೆ ಕನಿಷ್ಠ ಮಟ್ಟಕ್ಕೆ ಇಳಿದಿದ್ದರೆ ಆ ತಿಂಗಳುಗಳಲ್ಲಿ ಮಾಲೀಕರೇ ಅಲ್ಲಿ ವಾಸಿಸಿಲ್ಲವೆಂದು ಊಹಿಸಬಹುದು. ತೇವಾಂಶ ಅಳೆಯುವ ಸಣ್ಣ ಉಪಕರಣವೊಂದನ್ನು ಮಾಲೀಕರ ಒಪ್ಪಿಗೆ ಪಡೆದು ಒಂದು ತಿಂಗಳು ಮನೆಯ ಹಿಂಬದಿಯ ಕೋಣೆಯಲ್ಲಿರಿಸಿದರೆ ಒಳಗಿನ ಸ್ಥಿತಿ ಅಂಕಿಗಳಲ್ಲಿ ದೊರೆಯುತ್ತದೆ.

ಭೂಮಿಯ ದಾಖಲೆಗಳು

ಇಂತಹ ಮನೆಗಳಲ್ಲಿ ಅನೇಕವು ತೋಟ ಅಥವಾ ಹೊಲದ ಭೂಮಿಯಲ್ಲಿರುತ್ತವೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಖರೀದಿಸಬಹುದಾಗಿದೆ. ಆದರೆ ಭೂಮಿ ಕೊಳ್ಳಬಹುದು ಎಂದ ಮಾತ್ರಕ್ಕೆ ಅದರ ಮೇಲಿನ ಮನೆ ಸಕ್ರಮವಾಗಿದೆ ಎಂದಾಗುವುದಿಲ್ಲ. ಭೂಪರಿವರ್ತನೆಯ ಆದೇಶ, ಕಟ್ಟಡ ಪರವಾನಗಿ, ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು ನಮೂನೆಗಳು, ನಗರ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ, ಇವುಗಳಲ್ಲಿ ಕಟ್ಟಡವೂ ನಮೂದಾಗಿದೆಯೇ ಎಂದು ನೋಡತಕ್ಕದ್ದು. ದಾಖಲೆಯಲ್ಲಿ ಖಾಲಿ ನಿವೇಶನವಾಗಿದ್ದು ಸ್ಥಳದಲ್ಲಿ ಮನೆಯಿದ್ದರೆ ಮುಂದೆ ಸಾಲಕ್ಕೂ ಮರುಮಾರಾಟಕ್ಕೂ ತೊಡಕಾಗುತ್ತದೆ.

ಋಣಭಾರ ಪ್ರಮಾಣಪತ್ರವನ್ನು ಮೂವತ್ತು ವರ್ಷಗಳ ಅವಧಿಗೆ ಪಡೆಯುವುದು ರೂಢಿ. ಆದರೆ ಅದು ನೋಂದಾಯಿತ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಕರಾರು ಅದರಲ್ಲಿ ಕಾಣಿಸದು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಅಗತ್ಯ. ಭೂಮಿಯು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾಗಿತ್ತೇ ಎಂಬುದನ್ನು ಮಂಜೂರಾತಿಯ ಮೂಲ ಕಡತದಿಂದ ತಿಳಿಯಬೇಕು. ಅಂತಹ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ವರ್ಗಾಯಿಸುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಭೂಮಿ ಮರಳಿ ಕೋರುವುದಕ್ಕೆ ಕಾಲಮಿತಿ ಅಡ್ಡಿಯಾಗದಂತೆ 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಗಿದೆ. ಮಲೆನಾಡಿನಲ್ಲಿ ಅರಣ್ಯದ ಗಡಿಯನ್ನೂ ಅರಣ್ಯ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡುವುದು ಕ್ಷೇಮ.

ಪ್ರತಿನಿಧಿ ಮತ್ತು ಹಣ ಪಾವತಿ

ನೋಂದಣಿಗೆ ಸ್ವತಃ ಹೋಗಲಾಗದವರು ಅಧಿಕಾರಪತ್ರ ನೀಡಿ ಪ್ರತಿನಿಧಿಯನ್ನು ನೇಮಿಸಬಹುದು. ಆ ಅಧಿಕಾರಪತ್ರವು ಈ ಒಂದು ಆಸ್ತಿಗೆ, ಈ ಒಂದು ಕೆಲಸಕ್ಕೆ ಸೀಮಿತವಾಗಿರಬೇಕು. ವಿದೇಶದಲ್ಲಿರುವವರು ಅಲ್ಲಿಯ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಮಾಡಿದ ಅಧಿಕಾರಪತ್ರವು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಭರಿಸತಕ್ಕದ್ದು. ಮಾರಾಟಗಾರರೇ ಕ್ರಯಪತ್ರದ ಬದಲು ಕೇವಲ ಸಾಮಾನ್ಯ ಅಧಿಕಾರಪತ್ರವನ್ನು ಕೊಟ್ಟು 'ಮನೆ ನಿಮ್ಮದಾಯಿತು' ಎಂದರೆ ಒಪ್ಪಲಾಗದು. ಹೀಗೆ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹಣವನ್ನು ಬ್ಯಾಂಕಿನ ಮೂಲಕ, ಕ್ರಯಪತ್ರದಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಪಾವತಿಸತಕ್ಕದ್ದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ನಗದು ಸ್ವೀಕಾರವನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಬೆಲೆ 50 ಲಕ್ಷ ರೂ. ಅಥವಾ ಅಧಿಕವಾಗಿದ್ದರೆ ಖರೀದಿದಾರರು ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಿ ಸರ್ಕಾರಕ್ಕೆ ಜಮಾ ಮಾಡಬೇಕು. ಮಾರಾಟಗಾರರು ಅನಿವಾಸಿಯಾಗಿದ್ದರೆ ನಿಯಮವೂ ದರವೂ ಬೇರೆ. ಲೆಕ್ಕ ಪರಿಶೋಧಕರ ಸಲಹೆ ಅಗತ್ಯ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿರುವುದನ್ನೂ ಮುದ್ರಾಂಕ ಶುಲ್ಕದೊಂದಿಗೆ ಗಣಿಸಬೇಕು.

ಮಳೆಗಾಲದ ಷರತ್ತು

ಆಸ್ತಿ ವರ್ಗಾವಣೆ ಕಾಯ್ದೆ, 1882ರ 55ನೇ ಕಲಮಿನಂತೆ, ತನಗೆ ತಿಳಿದಿದ್ದು ಖರೀದಿದಾರರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರಾಟಗಾರರು ತಿಳಿಸಬೇಕು. ಈ ರಕ್ಷಣೆ ಇದೆಯಾದರೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ದೋಷವು ಮಾರಾಟಗಾರರಿಗೆ ಗೊತ್ತಿತ್ತು ಎಂಬುದನ್ನು ಸಾಬೀತುಪಡಿಸುವುದು ಸುಲಭವಲ್ಲ. ದೂರದಲ್ಲಿದ್ದುದರಿಂದ ನೋಡಲಿಲ್ಲ ಎಂಬುದು ಎಚ್ಚರಿಕೆ ವಹಿಸದಿರುವುದಕ್ಕೆ ಸಮರ್ಥನೆಯೂ ಆಗಲಾರದು. ರೇರಾ ಕಾಯ್ದೆಯಡಿ ನೋಂದಾಯಿತವಾದ ಯೋಜನೆಯಲ್ಲಿ ಹೊಸ ಮನೆ ಕೊಂಡರೆ, ಸ್ವಾಧೀನ ಪಡೆದ ದಿನದಿಂದ ಐದು ವರ್ಷಗಳೊಳಗೆ ಕಂಡುಬರುವ ರಚನಾದೋಷವನ್ನು ನಿರ್ಮಾಣಗಾರರು ಉಚಿತವಾಗಿ ಸರಿಪಡಿಸಬೇಕು. ಒಬ್ಬ ವ್ಯಕ್ತಿಯಿಂದ ಹಳೆಯ ಮನೆ ಕೊಂಡರೆ ಈ ಸೌಲಭ್ಯವಿಲ್ಲ. ಅಲ್ಲಿ ಕರಾರುಪತ್ರವೇ ರಕ್ಷಣೆ.

ಉದಾಹರಣೆಗೆ, ರಾಯಚೂರಿನ ವರ್ತಕರೊಬ್ಬರು ಸಕಲೇಶಪುರದ ಬಳಿ ಚಾವಣಿಗೆ ಮಣ್ಣು ಹೊದಿಸಿದ ಮನೆಯೊಂದನ್ನು 80 ಲಕ್ಷ ರೂ.ಗಳಿಗೆ ಫೆಬ್ರವರಿಯಲ್ಲಿ ಮಾತನಾಡಿದರೆಂದು ಭಾವಿಸಬಹುದು. ಮುದ್ರಾಂಕ, ನೋಂದಣಿ ಸೇರಿ ಇನ್ನೂ ಸುಮಾರು 6 ಲಕ್ಷ ರೂ. ಬೇಕು. ಫೆಬ್ರವರಿಯಲ್ಲಿ ಆ ಮನೆ ಒಣಗಿ ಶುಭ್ರವಾಗಿರುತ್ತದೆ. ಆಗಲೇ ಪೂರ್ಣ ಹಣ ಪಾವತಿಸಿ ನೋಂದಾಯಿಸಿಕೊಂಡು, ಜುಲೈನಲ್ಲಿ ಸೋರಿಕೆ ಕಂಡರೆ, ಅದರ ಮೂಲ ಹುಡುಕಲು ಮೇಲಿನ 53 ಟನ್ ಮಣ್ಣನ್ನೇ ತೆಗೆಸಬೇಕಾದೀತು. ಆ ವೆಚ್ಚವನ್ನು ಭರಿಸುವವರು ಖರೀದಿದಾರರೇ. ಬದಲಾಗಿ, ಫೆಬ್ರವರಿಯಲ್ಲಿ ಅಲ್ಪ ಮುಂಗಡದೊಂದಿಗೆ ಕರಾರು ಮಾಡಿಕೊಂಡು, ಕ್ರಯಪತ್ರವನ್ನು ಸೆಪ್ಟೆಂಬರಿಗೆ ನಿಗದಿಪಡಿಸಿ, ಮಳೆಗಾಲದಲ್ಲಿ ಎರಡು ಬಾರಿ ತಪಾಸಣೆಗೆ ಅವಕಾಶವನ್ನೂ, ಸೋರಿಕೆ ಕಂಡುಬಂದರೆ ಮುಂಗಡ ಮರಳಿಸುವ ಅಥವಾ ಬೆಲೆ ತಗ್ಗಿಸುವ ಷರತ್ತನ್ನೂ ಸೇರಿಸಬಹುದು. ಮಾಲೀಕರಿಗೆ ತುರ್ತಿದ್ದು ಬೇಗನೆ ನೋಂದಣಿ ಮಾಡಲೇಬೇಕಾದರೆ, ಬೆಲೆಯ ಒಂದು ಭಾಗವನ್ನು ಮಳೆಗಾಲ ಮುಗಿಯುವವರೆಗೆ ಬಾಕಿ ಉಳಿಸಿಕೊಳ್ಳುವ ಷರತ್ತನ್ನು ವಕೀಲರಿಂದ ಬರೆಯಿಸತಕ್ಕದ್ದು. ಯಂತ್ರ ಸ್ಥಾಪಿಸಿದವರಿಗೆ ಪರೀಕ್ಷಾರ್ಥ ಚಾಲನೆಯ ನಂತರವೇ ಕೊನೆಯ ಕಂತು ನೀಡುವ ಉದ್ದಿಮೆದಾರರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಮನೆಯ ಪರೀಕ್ಷಾರ್ಥ ಚಾಲನೆ ಎಂದರೆ ಒಂದು ಪೂರ್ಣ ಮಳೆಗಾಲ.

ಸಾಲ, ವಿಮೆ ಮತ್ತು ನಿರ್ವಹಣೆ

ಬ್ಯಾಂಕಿನ ಮೌಲ್ಯಮಾಪಕರು ಅಪರೂಪದ ಕಟ್ಟಡಕ್ಕೆ ಹೋಲಿಕೆಯ ಮಾರಾಟಗಳು ಸಿಗದಿದ್ದಾಗ ಭೂಮಿಗೆ ಬೆಲೆ ಕಟ್ಟಿ ಕಟ್ಟಡಕ್ಕೆ ಕಡಿಮೆ ಮೌಲ್ಯ ನೀಡುವ ಸಾಧ್ಯತೆಯಿದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಬ್ಯಾಂಕಿನ ಅಭಿಪ್ರಾಯ ಪಡೆಯಬೇಕು. ಸಾಲ ಬೇಕಿಲ್ಲದವರಿಗೂ ಇದು ಲಾಭದಾಯಕ. ಮುಂದೆ ಈ ಮನೆಯನ್ನು ಕೊಳ್ಳಬರುವವರಿಗೆ ಸಾಲ ಸಿಗುವುದೇ ಎಂಬುದು ಇದರಿಂದ ತಿಳಿಯುತ್ತದೆ. ವಿಮೆಯ ಅರ್ಜಿಯಲ್ಲಿ ಗೋಡೆ ಮತ್ತು ಚಾವಣಿಯ ಸ್ವರೂಪವನ್ನು ಮುಚ್ಚಿಡದೆ ಬರೆದು ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯತಕ್ಕದ್ದು. ನಿಧಾನವಾದ ಸೋರಿಕೆ, ದೋಷಪೂರ್ಣ ವಿನ್ಯಾಸಗಳಿಂದಾದ ಹಾನಿ ಸಾಮಾನ್ಯವಾಗಿ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ.

ದೂರದಿಂದ ಕೊಂಡ ಮನೆಯನ್ನು ದೂರದಿಂದಲೇ ನೋಡಿಕೊಳ್ಳಬೇಕಾಗುತ್ತದೆ ಎಂಬುದು ಅನೇಕರ ಲೆಕ್ಕಕ್ಕೆ ಬರುವುದಿಲ್ಲ. ಮಾಳಿಗೆ ಮನೆಗಳ ಕಾಲದಲ್ಲಿ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ಮನೆಯವರ ವಾರ್ಷಿಕ ಕೆಲಸವಾಗಿತ್ತು. ಮಣ್ಣಿನಾಸರೆಯ ಮನೆಗೆ ಇಂದಿಗೂ ಅಂತಹ ಆರೈಕೆ ಬೇಕು. ಚರಂಡಿ ಬಿಡಿಸುವುದು, ಚಾವಣಿಯ ಮೇಲೆ ಬೇರುಬಿಡುವ ಗಿಡಗಳನ್ನು ಕೀಳುವುದು, ಕಿಟಕಿ ತೆರೆದು ಗಾಳಿಯಾಡಿಸುವುದು ಮುಂತಾದ ಕೆಲಸಗಳಿಗೆ ಸ್ಥಳದಲ್ಲಿ ಒಬ್ಬರನ್ನು ನೇಮಿಸಿ, ಅವರ ವೇತನವನ್ನು ಮತ್ತು ದುರಸ್ತಿಯ ಮೀಸಲು ಹಣವನ್ನು ಖರೀದಿಗೆ ಮುನ್ನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೀಗ ಹಾಕಿದ ಮಣ್ಣಿನ ಮನೆ ಬೀಗ ಹಾಕಿದ ಕಾಂಕ್ರೀಟ್ ಮನೆಗಿಂತ ಬೇಗ ಹಾಳಾಗುತ್ತದೆ.

ವ್ಯಾಪಾರದ ದುಡಿಯುವ ಬಂಡವಾಳವನ್ನು ಇಂತಹ ಮನೆಗೆ ತೊಡಗಿಸುವುದು ಸರ್ವಥಾ ಸಲ್ಲದು. ಇದಕ್ಕೆ ಕೊಳ್ಳುವವರು ಕಡಿಮೆ. ಮಾರಬೇಕೆಂದಾಗ ಹಲವು ತಿಂಗಳು ಕಾಯಬೇಕಾದೀತು. ಹಂಗಾಮಿನಲ್ಲಿ ಸರಕು ತುಂಬಿಸಲು ಹಣವಿಲ್ಲದೆ ಮನೆಯನ್ನು ಆತುರದಲ್ಲಿ ಮಾರುವ ಸ್ಥಿತಿ ಬಂದರೆ ಎರಡು ಕಡೆಯೂ ನಷ್ಟ. ಉಳಿತಾಯದ ಹಣದಲ್ಲಿ, ದಾಖಲೆಗಳು ಶುದ್ಧವಾಗಿ, ಎಂಜಿನಿಯರರ ವರದಿ ಅನುಕೂಲಕರವಾಗಿ, ಒಂದು ಮಳೆಗಾಲವನ್ನು ಸೋರದೆ ದಾಟಿದ ಮಣ್ಣಿನ ಮನೆಯನ್ನು ಧೈರ್ಯದಿಂದ ಕೊಳ್ಳಬಹುದು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮುಂಗಡದ ಚೆಕ್ಕಿಗೆ ಸಹಿ ಹಾಕದಿರುವುದೇ ಲೇಸು.